ಮೋರಿಯ ಕೊಳವೆಯಲ್ಲಿ ಅರಳಿಯ ಬೇರು

ಮೋರಿ ಕಟ್ಟಿತೆಂದು ಮನೆಗಿಷ್ಟು ಹಣ ಕೂಡಿಸಿ ಚೊಕ್ಕಟ ಮಾಡಿಸುವುದು, ಎರಡು ತಿಂಗಳಿಗೆ ಅದು ಮತ್ತೆ ಕಟ್ಟುವುದು ಮುಂಬಯಿಯ ಹಳೆಯ ಚಾಳುಗಳಲ್ಲಿರುವ ನಮ್ಮ ಬಾಂಧವರಿಗೆ ಹೊಸದಲ್ಲ. ಹೋದ ಮಳೆಗಾಲ ನಮ್ಮ ಚಾಳಿನಲ್ಲಿ ಮೂರನೆಯ ಸಲ ಹೀಗಾದಾಗ ಬಿದಿರಿನ ದಬ್ಬೆಗೆ ಸಿಕ್ಕಿ ಬಂದದ್ದು ಚಿಂದಿಯಲ್ಲ. ಜಡೆಯಂತೆ ಹೆಣೆದುಕೊಂಡ ಬೇರಿನ ಗಂಟು. ಹಿತ್ತಲ ಗೋಡೆಯ ಅರಳಿಯದು. ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರು, ನಳದ ಕಸುಬಿನವರಲ್ಲ. ಆದರೂ ಕೇಳಿ, ಕಂಡು ತಿಳಿದುದನ್ನು ಬರೆಯುತ್ತೇವೆ.

ಬೇರು ಗಟ್ಟಿ ಕೊಳವೆಯನ್ನು ಕೊರೆದು ಒಳಗೆ ಹೋಗುವುದಿಲ್ಲ. ಹಳೆಯ ಮಣ್ಣಿನ ಕೊಳವೆಗಳು ಎರಡು ಮೂರು ಅಡಿಯ ತುಂಡುಗಳು. ಅವುಗಳ ನಡುವೆ ಸಿಮೆಂಟಿನ ಬೆಸುಗೆ. ನೆಲ ಕುಸಿದು ಬೆಸುಗೆ ಬಿರಿದರೆ ತೇವ ಹೊರಗೆ ಜಿನುಗುತ್ತದೆ. ತೇವವಿದ್ದಲ್ಲಿ ಬೇರು ಬೆಳೆಯುತ್ತದೆ. ಕೂದಲೆಳೆಯಷ್ಟು ಸಂದು ಅದಕ್ಕೆ ಸಾಕು. ಒಳಗೆ ನೀರೂ ಗೊಬ್ಬರವೂ ಯಥೇಚ್ಛ. ಅಲ್ಲಿ ಅದು ಕುಚ್ಚಾಗಿ ಹರಡಿ ಎಣ್ಣೆಯ ಜಿಡ್ಡನ್ನೂ ಅನ್ನದ ಅಗುಳನ್ನೂ ಹಿಡಿದಿಡುತ್ತದೆ.

ಒಂದೇ ಮನೆಯ ಮೋರಿ ನಿಂತರೆ ದೋಷ ಆ ಮನೆಯ ಜಾಲರಿಯಲ್ಲಿರಬಹುದು. ಮೇಲಿನವರು ನೀರು ಸುರಿದಾಗ ಕೆಳಗಿನವರ ಮೋರಿ ಗುಳುಗುಳು ಎಂದು ಉಕ್ಕಿದರೆ ದೊಡ್ಡ ಕೊಳವೆಯೇ ಕಟ್ಟಿದೆಯೆಂದು ತಿಳಿಯಬೇಕು.

ದಬ್ಬೆ ಎಲ್ಲಿ ತಡೆಯುತ್ತದೆಯೋ ಅಲ್ಲಿಗೆ ಅದರ ಮೇಲೆ ಗುರುತು ಹಾಕಿ ಹೊರಗೆಳೆದು ಅಳೆಯಿರಿ. ಚೇಂಬರಿನಿಂದ ಅಷ್ಟೇ ದೂರದಲ್ಲಿ ಒಡಕು ಇರುತ್ತದೆ. ಬೇರು ಕತ್ತರಿಸಿ ತೆಗೆದರಷ್ಟೇ ಸಾಲದು, ಅದು ಮತ್ತೆ ಚಿಗುರುತ್ತದೆ. ಅಲ್ಲಿ ಅಗೆಸಿ ಕೊಳವೆ ಬದಲಾಯಿಸಬೇಕು. ಅಡಿಕೆಯ ಕೊಳೆರೋಗಕ್ಕೆ ಸುಣ್ಣದೊಡನೆ ಸಿಂಪಡಿಸುವ ಮೈಲುತುತ್ತವನ್ನು ಊರಿನಲ್ಲಿ ಕಂಡವರು ಅದನ್ನೇ ಸುರಿಯೋಣವೆನ್ನುತ್ತಾರೆ. ತಗುಲಿದ ಬೇರು ಸಾಯುವುದು ನಿಜ, ಆದರೆ ಸತ್ತ ಬೇರು ಅಲ್ಲೇ ಉಳಿಯುತ್ತದೆ. ಅದು ಕಬ್ಬಿಣದ ಕೊಳವೆಯನ್ನು ತಿನ್ನುತ್ತದೆ, ಮೀನಿಗೆ ವಿಷ. ಆಸಿಡ್ಡಂತೂ ಬೇಡವೇ ಬೇಡ. ಆಮೇಲೆ ದಬ್ಬೆ ಹಿಡಿಯುವವನ ಮೈ ಸುಡುತ್ತದೆ.

ಆ ದಿನ ಕಂತ್ರಾಟುದಾರನು ಇಪ್ಪತ್ತರ ಹುಡುಗನೊಬ್ಬನನ್ನು ಸೊಂಟಕ್ಕೆ ಹಗ್ಗ ಕಟ್ಟಿ ಚೇಂಬರಿಗೆ ಇಳಿಸಲು ಹೊರಟಿದ್ದ. “ಐದು ನಿಮಿಷದ ಕೆಲಸ” ಎಂದ. ನಮ್ಮಲ್ಲಿಯೂ ಕೆಲವರು ಸುಮ್ಮನಿದ್ದರು, ಖರ್ಚು ಕಡಿಮೆಯೆಂದು. ಕೊಳೆತ ಮೊಟ್ಟೆಯ ನಾತದ ಆ ಅನಿಲ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ನಾತ ಇಲ್ಲವೆಂದು ಇಳಿದವನು ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯನನ್ನು ಹೀಗೆ ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸತ್ತವನ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರವೆಂದು ಸುಪ್ರೀಂ ಕೋರ್ಟು 2023ರಲ್ಲಿ ವಿಧಿಸಿದೆ. ಇದನ್ನು ಹೇಳಿದ ಮೇಲೆ ಹಗ್ಗ ಬಿಚ್ಚಿದರು.

ಇನ್ನು ಮರದ ಮಾತು. ಹಕ್ಕಿಯ ಹಿಕ್ಕೆಯಿಂದ ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿಯನ್ನು ಎರಡೆಲೆ ಇರುವಾಗಲೇ ಬೇರುಸಹಿತ ಕಿತ್ತು ಕುಂಡದಲ್ಲಿ ನೆಡಬಹುದು. ಅರಳಿಗೆ ಕೈಹಚ್ಚಲು ಅಂಜುವ ಹಿರಿಯರೂ ಇದಕ್ಕೆ ಬೇಡವೆನ್ನರು. ಮರವಾದ ಮೇಲಾದರೆ 1975ರ ಮಹಾರಾಷ್ಟ್ರದ ಮರ ಸಂರಕ್ಷಣೆಯ ಕಾಯಿದೆಯಂತೆ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ.

ನಮ್ಮಲ್ಲಿ ಮಾರನೆಯ ದಿನ ನೀರು ಚಿಮ್ಮಿಸುವ ಯಂತ್ರದ ಗಾಡಿ ತರಿಸಿದೆವು. ಬಳಿಕ ಗುರುತಿಟ್ಟಲ್ಲಿ ಅಗೆದು, ಒಡೆದ ಎರಡು ಕೊಳವೆ ತೆಗೆದು ರಬ್ಬರಿನ ಉಂಗುರವಿರುವ ಪಿವಿಸಿ ಕೊಳವೆ ಹಾಕಿಸಿದೆವು. ವೆಚ್ಚ ಹೆಚ್ಚೇ ಆಯಿತು. ಎರಡು ಕಂತಿನಲ್ಲಿ ಎಲ್ಲರೂ ಕೊಟ್ಟರು.