ಊರಿನ ಮನೆಯ ಬೆಲೆ, ಬೆಂಗಳೂರಿನ ಮನೆಯ ಬೆಲೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಮನೆ ಮಾರಿ ನೋಡು ಎಂದು ಅವರು ಹೇಳಲಿಲ್ಲ. ಅವರ ಕಾಲದಲ್ಲಿ ಇದ್ದ ಮನೆಯನ್ನು ಮಾರುವುದೆಂದರೆ ಸಾಲದ ಸುಳಿಗೆ ಸಿಕ್ಕವರ ಕೊನೆಯ ಉಪಾಯ; ಅದನ್ನು ಬಾಯಿಬಿಟ್ಟು ಆಡುವುದೂ ಅವಮಾನವೆನಿಸುತ್ತಿತ್ತು. ಇಂದು ಹಾಗಿಲ್ಲ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಊರಿನ ಮನೆಗೆ ಬೀಗ ಬಿದ್ದಿದೆ, ಇದನ್ನು ಮಾರಿ ಅಲ್ಲಿ ಒಂದು ಫ್ಲ್ಯಾಟ್ ಕೊಳ್ಳಬಾರದೇಕೆ ಎಂಬ ಪ್ರಶ್ನೆ ನಮ್ಮ ಸಮಾಜದ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಹಬ್ಬಹರಿದಿನಗಳಂದು ಏಳುತ್ತಿದೆ.

ಹಾವೇರಿ ಜಿಲ್ಲೆಯ ಒಂದು ತಾಲೂಕು ಸ್ಥಳದ ಮನೆತನದ ಸಂಗತಿ ಇದು. ನಮ್ಮ ಬೀಗರ ಕಡೆಯವರಾದುದರಿಂದ ಊರು, ಹೆಸರು ಬೇಡ. ಪೇಟೆಯ ಬೀದಿಗೆ ಮುಖಮಾಡಿದ ಮಾಳಿಗೆಯ ಮನೆ. ಮುಂದೆ ಕಟ್ಟೆ, ಒಳಗೆ ಸಾಗುವಾನಿ ಕಂಬಗಳ ಪಡಸಾಲೆ, ಹಿಂದೆ ಬಾವಿಯಿರುವ ಹಿತ್ತಲು. ತಂದೆತಾಯಿಗಳು ಲಿಂಗೈಕ್ಯರಾದ ಮೇಲೆ ಉಳಿದವರು ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಅಂಗಡಿಗಳನ್ನು ಕಟ್ಟಬೇಕೆಂದಿದ್ದ ಬಟ್ಟೆ ವ್ಯಾಪಾರಿಯೊಬ್ಬರು ಮನೆಗೆ 28 ಲಕ್ಷ ರೂಪಾಯಿ ಕೇಳಿದರು. ಅಣ್ಣತಮ್ಮಂದಿರಲ್ಲಿ ಹಿರಿಯರಾದವರ ಮಗನು ಬೆಂಗಳೂರಿನಲ್ಲಿ 90 ಲಕ್ಷದ ಫ್ಲ್ಯಾಟೊಂದನ್ನು ನೋಡಿಟ್ಟಿದ್ದನು. 2025ರ ದೀಪಾವಳಿಗೆ ಎಲ್ಲರೂ ಕೂಡಿದಾಗ ಕಾಗದ ಹಿಡಿದು ಲೆಕ್ಕ ಹಾಕಿದವನೂ ಅವನೇ.

ಲೆಕ್ಕ ಸರಳವಾಗಿತ್ತು. 28 ಲಕ್ಷವನ್ನು ಐವರಿಗೆ ಹಂಚಿದರೆ ಒಂದು ಪಾಲಿಗೆ 5 ಲಕ್ಷ 60 ಸಾವಿರ. ಇನ್ನು ಫ್ಲ್ಯಾಟಿನ ನೋಂದಣಿ: ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 5.6, ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ, ಒಟ್ಟು ಶೇ. 7.6. ಎಂದರೆ 90 ಲಕ್ಷಕ್ಕೆ 6 ಲಕ್ಷ 84 ಸಾವಿರ. ಅಜ್ಜನು ಕಟ್ಟಿಸಿದ ಮಾಳಿಗೆಯ ಮನೆಯ ಒಂದು ಪಾಲು ಬೆಂಗಳೂರಿನ ಫ್ಲ್ಯಾಟಿನ ಕಾಗದದ ಖರ್ಚಿಗೂ ಸಾಲಲಿಲ್ಲ! ಆ ಹುಡುಗನು ಕೆಲಹೊತ್ತು ಸುಮ್ಮನೆ ಕುಳಿತನೆಂದು ಕೇಳಿದ್ದೇನೆ.

ಆತನ ತಂದೆಯವರಿಗೆ ಮಾತ್ರ ನಂಬಿಕೆ ಬರಲಿಲ್ಲ. ‘ಮನೆಗಳ ಬೆಲೆ ವರ್ಷವರ್ಷ ಏರುತ್ತಿದೆಯೆಂದು ಪತ್ರಿಕೆಯಲ್ಲಿ ಓದುತ್ತೇವೆ, ನಮ್ಮ ಮನೆಯ ಬೆಲೆ ಏಕೆ ಏರಲಿಲ್ಲ?’ ಎಂಬುದು ಅವರ ತಕರಾರು. ಪ್ರಶ್ನೆ ಯೋಗ್ಯವಾದುದೇ. ಪತ್ರಿಕೆಯ ಆ ಸುದ್ದಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿದರೆ ಉತ್ತರ ದೊರೆಯುತ್ತದೆ. ರಿಸರ್ವ್ ಬ್ಯಾಂಕು ಮೂರು ತಿಂಗಳಿಗೊಮ್ಮೆ ಮನೆಬೆಲೆಗಳ ಸೂಚ್ಯಂಕವನ್ನು ಪ್ರಕಟಿಸುತ್ತದೆ. ದೇಶದ ಆಯ್ದ ನಗರಗಳಲ್ಲಿ ನೋಂದಣಿಯಾದ ವ್ಯವಹಾರಗಳೇ ಅದಕ್ಕೆ ಆಧಾರ. ಕರ್ನಾಟಕದಿಂದ ಆ ಪಟ್ಟಿಯಲ್ಲಿರುವುದು ಬೆಂಗಳೂರೊಂದೇ. ಹಾವೇರಿಯ ಪೇಟೆಬೀದಿಯಾಗಲಿ, ಗದಗಿನ ಬೆಟಗೇರಿಯಾಗಲಿ ಆ ಲೆಕ್ಕದೊಳಗೆ ಇಲ್ಲವೇ ಇಲ್ಲ. ನಾವು ಓದುವುದು ಬೆಂಗಳೂರಿನ ಸುದ್ದಿ. ಹಿಗ್ಗುವುದು ನಮ್ಮ ಊರಿನ ಮನೆಯನ್ನು ನೆನೆದು.

‘ಸರಾಸರಿ’ ಎಂಬ ಮಾತಿನಲ್ಲಿಯೂ ಒಂದು ಮೋಸವಿದೆ. ಒಂದು ಬಡಾವಣೆಯಲ್ಲಿ ಈ ವರ್ಷ ಐದು ಮನೆಗಳು ಮಾರಾಟವಾದುವೆನ್ನೋಣ: 20, 25, 30, 35, 40 ಲಕ್ಷಕ್ಕೆ. ಸರಾಸರಿ 30 ಲಕ್ಷ. ಅದೇ ಕಾಲಕ್ಕೆ ಮೂಲೆಯಲ್ಲಿದ್ದ ಶ್ರೀಮಂತರ ಬಂಗಲೆಯೊಂದು 3 ಕೋಟಿಗೆ ಹೋಯಿತು. ಈಗ ಸರಾಸರಿ 75 ಲಕ್ಷ! ಉಳಿದ ಐದು ಮನೆಗಳ ಒಂದು ಇಟ್ಟಿಗೆಯ ಬೆಲೆಯೂ ಏರಲಿಲ್ಲ. ದಲ್ಲಾಳಿಗಳು ಈ 75ನ್ನೇ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಕೊಟ್ಟ ಹಣವನ್ನೆಲ್ಲ ಕ್ರಯಪತ್ರದಲ್ಲಿ ತೋರಿಸದೆ, ಸರಕಾರದ ಮಾರ್ಗಸೂಚಿ ಬೆಲೆಗೆ ಸರಿಯಾಗಿ ಬರೆಯಿಸಿ ಉಳಿದುದನ್ನು ಕೈಯಲ್ಲಿ ಕೊಡುವ ಕೆಟ್ಟ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅಂಥಲ್ಲಿ ನೋಂದಣಿಯ ದಾಖಲೆ ಹೇಳುವುದು ನಿಜವಾದ ಬೆಲೆಯನ್ನಲ್ಲ. ಕಾಯಕದ ಗಳಿಕೆಯನ್ನು ಮರೆಮಾಚಿ ಕೊಡುವ ಅಗತ್ಯ ಶರಣ ಮನೆತನಗಳಿಗೇಕೆ ಬಂದಿತೋ ತಿಳಿಯದು.

ಬೆಲೆ ಒಂದೊಂದು ಸೀಮೆಯಲ್ಲಿ ಒಂದೊಂದು ಕಾರಣದಿಂದ ನಡೆಯುತ್ತದೆ. ಬೆಂಗಳೂರಿನಲ್ಲಿ ಅದನ್ನು ನಡೆಸುವುದು ನೌಕರಿ. ನಗರ ಸುಧಾರಣಾ ಮಂಡಳಿಯ ಸ್ಥಾನದಲ್ಲಿ 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರ ಬಂದ ಕಾಲಕ್ಕೆ ಸರಕಾರಿ ಗುಮಾಸ್ತನೊಬ್ಬನು ಅರ್ಜಿ ಹಾಕಿ, ಕಾದು, ಒಂದು ನಿವೇಶನವನ್ನು ಪಡೆಯುವ ಆಸೆ ಇಟ್ಟುಕೊಳ್ಳಬಹುದಾಗಿತ್ತು. ಮಠಗಳ ಪ್ರಸಾದ ನಿಲಯಗಳಲ್ಲಿ ಓದಿ ಬೆಂಗಳೂರು ಸೇರಿದ ನಮ್ಮ ಹಿರಿಯ ತಲೆಮಾರಿನ ಅನೇಕರು ಹಾಗೆಯೇ ಮನೆ ಮಾಡಿಕೊಂಡರು. ಆಮೇಲೆ ತಂತ್ರಾಂಶದ ಕಂಪನಿಗಳು ಬಂದುವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. 2011ರಲ್ಲಿ ಮೆಟ್ರೋ ಓಡತೊಡಗಿತು. ದೇಶದ ಎಲ್ಲ ಕಡೆಯ ಯುವಕ ಯುವತಿಯರು ಅಲ್ಲಿ ಗಳಿಸುತ್ತಾರೆ, ಅಲ್ಲಿಯೇ ಕೊಳ್ಳುತ್ತಾರೆ. ಗಂಡಹೆಂಡಿರಿಬ್ಬರ ಸಂಬಳ ಮತ್ತು ಅದನ್ನು ನಂಬಿ ಬ್ಯಾಂಕು ಕೊಡುವ ಸಾಲ, ಇವೆರಡರ ಮೇಲೆ ಅಲ್ಲಿನ ಬೆಲೆ ನಿಂತಿದೆ. 2020ರ ಮೇ ತಿಂಗಳಲ್ಲಿ ಶೇ. 4ರಷ್ಟಿದ್ದ ರೆಪೋ ದರವನ್ನು ರಿಸರ್ವ್ ಬ್ಯಾಂಕು 2023ರ ಫೆಬ್ರುವರಿಯ ಹೊತ್ತಿಗೆ ಶೇ. 6.5ಕ್ಕೆ ಏರಿಸಿದರೂ ಬೆಂಗಳೂರಿನ ಬೆಲೆ ಇಳಿಯಲಿಲ್ಲ. 2025ರಲ್ಲಿ ನಾಲ್ಕು ಸಲ ಇಳಿಸಿ ಡಿಸೆಂಬರಿನಲ್ಲಿ ಶೇ. 5.25ಕ್ಕೆ ತಂದಿತು, ಕಂತು ಹಗುರವಾದರೆ ಕೊಳ್ಳುವವರು ಹೆಚ್ಚುವುದು ಸಹಜ. 70 ಲಕ್ಷದ ಸಾಲವನ್ನು ಶೇ. 8.5ರ ಬಡ್ಡಿಗೆ 20 ವರ್ಷದ ಅವಧಿಗೆ ತೆಗೆದರೆ ತಿಂಗಳಿಗೆ ಸುಮಾರು 60,700 ರೂಪಾಯಿ ಕಂತು ಬೀಳುತ್ತದೆ. ಕೊನೆಗೆ ಕಟ್ಟಿದ ಒಟ್ಟು ಹಣ 1 ಕೋಟಿ 45 ಲಕ್ಷವನ್ನು ದಾಟುತ್ತದೆ. ಈ ಲೆಕ್ಕವನ್ನು ಮದುವೆಯ ಮಾತುಕತೆಯಲ್ಲಿ ‘ಹುಡುಗನಿಗೆ ಬೆಂಗಳೂರಿನಲ್ಲಿ ಸ್ವಂತ ಮನೆ ಇದೆಯೆ?’ ಎಂದು ಕೇಳುವ ಹೆಣ್ಣಿನ ಕಡೆಯವರೂ ಒಮ್ಮೆ ನೋಡಬೇಕು.

ಹುಬ್ಬಳ್ಳಿ-ಧಾರವಾಡದ ನಡೆ ಬೇರೆ. ಅಲ್ಲಿ ವ್ಯಾಪಾರ, ರೈಲ್ವೆ, ವಿದ್ಯೆ ಎಂಬ ಮೂರು ಹಳೆಯ ಕಂಬಗಳಿವೆ. 2008ರಲ್ಲಿ ಉಚ್ಚ ನ್ಯಾಯಾಲಯದ ಪೀಠ, 2016ರಲ್ಲಿ ಐ.ಐ.ಟಿ. ಬಂದು ಧಾರವಾಡದ ಕಡೆಗೆ ಜನರ ಕಣ್ಣು ಹೊರಳಿತು. ಆದರೆ ಅಲ್ಲಿ ಕೊಳ್ಳುವವರಲ್ಲಿ ಬಹಳ ಜನ ಸುತ್ತಲಿನ ಜಿಲ್ಲೆಗಳವರೇ: ನಿವೃತ್ತರಾದ ನೌಕರರು, ಮಕ್ಕಳ ಓದಿಗಾಗಿ ಒಂದು ಬಿಡಾರ ಬೇಕೆನ್ನುವ ಗದಗ, ಹಾವೇರಿ, ಬಾಗಲಕೋಟೆಯ ರೈತರು. ಅವರು ನಿವೇಶನವನ್ನು ಕೊಂಡು ಸಾವಕಾಶವಾಗಿ ಮನೆ ಕಟ್ಟುವವರು. ಬೆಲೆಯೂ ಸಾವಕಾಶವಾಗಿಯೇ ಏರುತ್ತದೆ. ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು ಮುಚ್ಚಿದ ಮೇಲೆ ಊರು ಕುಸಿಯಬೇಕಿತ್ತು. ಕಾಲೇಜುಗಳು ಅದನ್ನು ಹಿಡಿದು ನಿಲ್ಲಿಸಿದುವು. 1997ರಲ್ಲಿ ಅದು ಜಿಲ್ಲಾ ಕೇಂದ್ರವೂ ಆಯಿತು. ಶಿವಮೊಗ್ಗ, ಚನ್ನಗಿರಿಗಳ ಕಡೆ ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ನಿವೇಶನ ಕೇಳುವವರು ಹೆಚ್ಚುತ್ತಾರೆ. ಕಲಬುರಗಿಯಲ್ಲಿ 2008ರ ನ್ಯಾಯಪೀಠ, 2019ರ ವಿಮಾನ ನಿಲ್ದಾಣಗಳು ಆಸೆ ಹುಟ್ಟಿಸಿದರೂ ತೊಗರಿಯ ಬೆಳೆ ಕೆಟ್ಟ ವರ್ಷ ಪೇಟೆ ಮಂಕಾಗುವುದು ತಪ್ಪಲಿಲ್ಲ.

ಬಾಗಲಕೋಟೆಯದು ಯಾವ ಮಾರುಕಟ್ಟೆಯ ಸೂತ್ರಕ್ಕೂ ಸಿಕ್ಕದ ಕಥೆ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಬೀದಿಗಳನ್ನು ನುಂಗಿತು. ಜನ ಪರಿಹಾರದ ಹಣ ಹಿಡಿದು ನವನಗರದ ಸೆಕ್ಟರುಗಳಿಗೆ ಹೋದರು. ಓಣಿಯ ಹೆಸರಿನಿಂದ ಗುರುತಿಸಿಕೊಳ್ಳುತ್ತಿದ್ದ ಮನೆತನಗಳು ಸೆಕ್ಟರಿನ ಸಂಖ್ಯೆಯಿಂದ ಗುರುತಿಸಿಕೊಳ್ಳಬೇಕಾಯಿತು. ಅಲ್ಲಿ ಮನೆಯ ಬೆಲೆಯನ್ನು ನಿಶ್ಚಯಿಸಿದವರು ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ.

ಇನ್ನು ತಾಲೂಕು ಊರುಗಳು. ಇಲ್ಲಿ ಒಂದೇ ಊರಿಗೆ ಎರಡು ಬೆಲೆ. ಊರ ಹೊರಗೆ ಹೆದ್ದಾರಿಯ ಬದಿಯ ಹೊಸ ಲೇಔಟಿಗೆ ಒಂದು, ಊರೊಳಗಿನ ಓಣಿಯ ಹಳೆಯ ಮನೆಗೆ ಒಂದು. ಓಣಿಯೊಳಗೆ ಕಾರು ಬಾರದು, ಗೋಡೆ ಮಣ್ಣಿನದು, ಉತಾರದಲ್ಲಿ ಇನ್ನೂ ಮುತ್ತಜ್ಜನ ಹೆಸರು. ಪೇಟೆಬೀದಿಯ ಮನೆಗಳಿಗೆ ಒಳ್ಳೆಯ ಬೆಲೆ ಬರುವುದುಂಟು. ಆದರೆ ಅದು ಮನೆಗಲ್ಲ, ಮನೆಯ ಕೆಳಗಿನ ನೆಲಕ್ಕೆ. ಕೊಂಡವರು ಮೊದಲು ಮಾಡುವುದು ಮನೆ ಕೆಡಹುವ ಕೆಲಸ. ಕಂಬ, ತೊಲೆ, ಬಾಗಿಲುಗಳನ್ನು ಹಳೆಯ ಕಟ್ಟಿಗೆಯ ವ್ಯಾಪಾರಿಗಳು ಒಯ್ಯುತ್ತಾರೆ. ನಮ್ಮ ಮುತ್ತಜ್ಜಿ ಹೊಸ್ತಿಲು ಪೂಜೆ ಮಾಡಿದ ಬಾಗಿಲು ಯಾವುದೋ ಹೋಟೆಲಿನ ಅಲಂಕಾರವಾಗಿ ನಿಂತರೆ ಆಶ್ಚರ್ಯಪಡಬೇಕಾಗಿಲ್ಲ.

ಬೆಂಗಳೂರಿನ ಚದರಡಿಯ ಬೆಲೆಯನ್ನು ಊರಿನ ಚದರಡಿಯ ಬೆಲೆಗೆ ಹೋಲಿಸುವುದೂ ತಪ್ಪು. ಊರಿನಲ್ಲಿ ನಾವು ಕೊಡುವುದು ನೆಲವನ್ನು. ಫ್ಲ್ಯಾಟಿನಲ್ಲಿ ಪಡೆಯುವುದು ಗೋಡೆಗಳ ನಡುವಿನ ಜಾಗ ಹಾಗೂ ನೆಲದಲ್ಲಿ ಒಂದು ಅವಿಭಜಿತ ಪಾಲು. ಮೊದಲು ಮೆಟ್ಟಿಲು, ಮೊಗಸಾಲೆಗಳನ್ನೆಲ್ಲ ಸೇರಿಸಿಯೇ ಚದರಡಿ ಎಣಿಸುತ್ತಿದ್ದರು. ಒಳಗಿನ ನಿಜವಾದ ವಿಸ್ತೀರ್ಣವನ್ನು ಹೇಳಬೇಕೆಂಬ ಕಟ್ಟಳೆ ಬಂದುದು 2016ರ ರಿಯಲ್ ಎಸ್ಟೇಟ್ ಕಾಯ್ದೆಯಿಂದ.

ಮಾರಾಟದ ಸಂಖ್ಯೆಯನ್ನು ನೋಡಿ ಪೇಟೆಯ ನಾಡಿ ತಿಳಿಯುವೆನೆಂಬುವರೂ ಎಚ್ಚರದಿಂದಿರಬೇಕು. ಮಾರ್ಗಸೂಚಿ ಬೆಲೆಗಳು 2023ರ ಅಕ್ಟೋಬರ್ 1ರಿಂದ ಸರಾಸರಿ ಶೇ. 25ರಿಂದ 30ರಷ್ಟು ಏರುವುವೆಂದು ತಿಳಿದೊಡನೆ ಸೆಪ್ಟೆಂಬರಿನಲ್ಲಿ ಉಪನೋಂದಣಿ ಕಚೇರಿಗಳ ಮುಂದೆ ಜಾತ್ರೆ ನೆರೆಯಿತು. ಅದು ಜನರಿಗೆ ಹಣ ಬಂದುದರ ಗುರುತಲ್ಲ, ಗಡುವಿನ ಭಯ. 2016ರ ನೋಟು ರದ್ದತಿ, 2020ರ ಲಾಕ್‌ಡೌನ್‌ಗಳಲ್ಲಿ ನೋಂದಣಿ ಕುಗ್ಗಿತು. 2024ರಲ್ಲಿ ಬೆಂಗಳೂರಿನಲ್ಲಿ ಇ-ಖಾತೆ ಕಡ್ಡಾಯವಾದಾಗಲೂ ಕೆಲವು ಕಾಲ ಕುಂಟಿತು.

ಮಾರಲೇಬೇಕೆಂದು ನಿಶ್ಚಯಿಸಿದವರು ಕೆಲವು ಸಂಗತಿಗಳನ್ನು ತಿಳಿದಿರಬೇಕು. ಮುಂಗಡವನ್ನು 20,000 ರೂಪಾಯಿ ಅಥವಾ ಹೆಚ್ಚು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು 2015ರಿಂದ ನಿಷೇಧಿಸಿದೆ. 2024ರ ಜುಲೈ 23ಕ್ಕೆ ಮೊದಲು ಕೈಸೇರಿದ ಮನೆಯಾದರೆ ಲಾಭದ ಮೇಲೆ ಶೇ. 12.5ರ ತೆರಿಗೆ, ಇಲ್ಲವೆ ಬೆಲೆಯೇರಿಕೆಯ ಸೂಚ್ಯಂಕವನ್ನು ಕಳೆದು ಶೇ. 20, ಇವುಗಳಲ್ಲಿ ಕಡಿಮೆಯಾದುದಕ್ಕೆ ಅವಕಾಶವಿದೆ. ಹಳೆಯ ಮನೆಗಳಿಗೆ 2001ರ ಏಪ್ರಿಲ್ 1ರ ಬೆಲೆಯನ್ನು ಮೂಲವಾಗಿ ಹಿಡಿಯಬಹುದು; ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಇಲ್ಲವೆ ಮೂರು ವರ್ಷದೊಳಗೆ ಕಟ್ಟಿದರೆ ವಿನಾಯಿತಿ ಉಂಟು. ಊರಿನ ಲೆಕ್ಕಪರಿಶೋಧಕರಲ್ಲಿ ಒಂದು ಗಂಟೆ ಕುಳಿತರೆ ಇದೆಲ್ಲ ತಿಳಿಯುತ್ತದೆ. ಅದಕ್ಕೆ ಅಭಿಮಾನ ಅಡ್ಡ ಬರಬಾರದು.

ಇವೆಲ್ಲಕ್ಕಿಂತ ದೊಡ್ಡ ಸಂಗತಿ ಹೆಣ್ಣುಮಕ್ಕಳ ಪಾಲು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮಾನ ಹಕ್ಕನ್ನು ಕರ್ನಾಟಕವು 1994ರಲ್ಲಿಯೇ ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ವರ್ಷ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ತಂದೆಯ ಸ್ವಯಾರ್ಜಿತವಾಗಿದ್ದು, ಅವರು ಉಯಿಲು ಬರೆಯದೆ ತೀರಿದ್ದರೂ ಮಗಳ ಪಾಲು ಮಗನಷ್ಟೇ. ಹೀಗಿದ್ದೂ ನಮ್ಮ ಮನೆಗಳಲ್ಲಿ ಸೀರೆ ಉಡಿಸಿ, ಉಡಿ ತುಂಬಿ, ಹಕ್ಕುಬಿಡುಗಡೆ ಪತ್ರವನ್ನು ಮುಂದಿಡುವ ರೂಢಿ ಅಳಿದಿಲ್ಲ. ಹೆಣ್ಣಿಗೂ ಲಿಂಗದೀಕ್ಷೆ ಕೊಟ್ಟ ಧರ್ಮದ ಮನೆಗಳಲ್ಲಿ ನಡೆಯುವ ಮಾತು ಇದು.

ಆ ಹಾವೇರಿ ಕಡೆಯ ಮನೆತನದಲ್ಲಿಯೂ ಪತ್ರ ಸಿದ್ಧವಾಗಿತ್ತು. ತಂಗಿಯವರು ಸಹಿಗೆ ಒಪ್ಪಿದ್ದರು. ಎಲ್ಲರಿಗಿಂತ ಹಿರಿಯರಾದ ಅಕ್ಕನವರು ಒಪ್ಪಲಿಲ್ಲ. ಅವರು ಗಂಡನನ್ನು ಕಳೆದುಕೊಂಡು ಅದೇ ಊರಿನಲ್ಲಿ ಬಾಡಿಗೆಯ ಎರಡು ಖೋಲಿಗಳಲ್ಲಿ ಇರುವವರು. ‘ನಿನಗೂ ಸಮಪಾಲು ರೊಕ್ಕ ಕೊಡ್ತೇವಿ ಅಕ್ಕಾ’ ಎಂದು ತಮ್ಮಂದಿರು ಮೆತ್ತಗಾದರು. ಅವರು ಅದಕ್ಕೂ ಒಲ್ಲೆನೆಂದರು. ‘ಐದೂವರಿ ಲಕ್ಷಕ್ಕ ಈ ಊರಾಗ ನನಗ ಯಾವ ಮನಿ ಬರ್ತದೋ ತಮ್ಮಾ? ನನ್ನ ಪಾಲು ರೊಕ್ಕದಾಗ ಬ್ಯಾಡ, ಗ್ವಾಡಿ ಒಳಗ ಕೊಡ್ರಿ.’

ಮೂರು ತಿಂಗಳು ಮಾತು ನಿಂತಿತ್ತು. ಬಳಗದ ಹಿರಿಯರೊಬ್ಬರು ನಡುವೆ ಬಂದರು. ಮನೆಯನ್ನು ಅಳೆಯಿಸಿ ನೋಂದಾಯಿತ ವಿಭಾಗಪತ್ರ ಮಾಡಿಸಿದರು. ಮನೆಮಂದಿಯೊಳಗಿನ ವಿಭಾಗಕ್ಕೆ ಮುದ್ರಾಂಕವು ಕ್ರಯಪತ್ರಕ್ಕಿಂತ ಬಹಳ ಕಡಿಮೆ ಎಂಬುದು ಅಲ್ಲಿಯ ತನಕ ಯಾರಿಗೂ ಹೊಳೆದಿರಲಿಲ್ಲ. ಬೀದಿಯ ಕಡೆಯ ಭಾಗ 20 ಲಕ್ಷಕ್ಕೆ ವ್ಯಾಪಾರಿಗೆ ಹೋಯಿತು. ನಾಲ್ವರಿಗೆ ಐದೈದು ಲಕ್ಷ ಬಂದಿತು. ಹಿಂದಿನ ಎರಡು ಕೋಣೆ, ಅಡುಗೆಮನೆ, ಬಾವಿ, ಹಿತ್ತಲು, ಪಕ್ಕದ ಸಂದಿಯಿಂದ ನಡೆದಾಡುವ ದಾರಿಯ ಹಕ್ಕು ಅಕ್ಕನವರ ಹೆಸರಿಗಾದುವು. ಹುಡುಗನು ಬೆಂಗಳೂರಿನಲ್ಲಿ ಬಾಡಿಗೆಯ ಮನೆಯಲ್ಲಿಯೇ ಇದ್ದಾನೆ. ಫ್ಲ್ಯಾಟಿನ ವಿಚಾರವನ್ನು ಸದ್ಯಕ್ಕೆ ಬಿಟ್ಟಿದ್ದಾನೆ. ಮುಂಭಾಗವನ್ನು ಕೆಡಹುವ ಮೊದಲು ತಲೆಬಾಗಿಲಿನ ಸಾಗುವಾನಿ ಚೌಕಟ್ಟನ್ನು ಅಕ್ಕನವರು ಬಿಚ್ಚಿಸಿಕೊಂಡು ತಮ್ಮ ಕೋಣೆಗೆ ಕೂಡಿಸಿಕೊಂಡರು. ಚೌಕಟ್ಟು ಎತ್ತರವಾದುದರಿಂದ ಗೋಡೆಯನ್ನು ಒಂದಡಿ ಏರಿಸಬೇಕಾಯಿತಂತೆ.