ಸಿಲಿಂಡರಿಗೆ ನೀರು ಬಂದದ್ದೆಲ್ಲಿಂದ? ಕಾರಣ ಹುಡುಕಿಸುವ ಒಂದು ಪಾಠ

‘ದ್ರವಗಳನ್ನು ಸುಲಭವಾಗಿ ಸಂಕುಚಿಸಲಾಗದು’ ಎಂಬುದನ್ನು ಕಲಿಸಲು ನಮ್ಮ ವಿಜ್ಞಾನ ಪ್ರಶಿಕ್ಷಣಾರ್ಥಿಗಳು ಸಿರಿಂಜು ಹಿಡಿದು ತರಗತಿಗೆ ಹೋಗುತ್ತಾರೆ. ತುದಿಗೆ ಬೆರಳಿಟ್ಟು ಒತ್ತಿದರೆ ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಐದು ನಿಮಿಷದಲ್ಲಿ ಅಂಶ ಮುಗಿಯಿತು. ಆದರೆ ಮಲ್ಪೆ, ಗಂಗೊಳ್ಳಿ, ತದಡಿಯಂಥ ಊರುಗಳ ಮಕ್ಕಳಿಗೆ ಇದೇ ಸಂಗತಿ ‘ಬೋಟಿನ ಎಂಜಿನಿಗೆ ನೀರು ಹೋಯಿತು’ ಎಂಬ ಮಾತಾಗಿ ಮನೆಯಲ್ಲೇ ಪರಿಚಿತ. ಈ ಪೂರ್ವಜ್ಞಾನವನ್ನು ಬಳಸಿಕೊಂಡರೆ ಸಿರಿಂಜಿನ ಪಾಠ ಕಾರಣ ಹುಡುಕುವ ಪಾಠವಾಗಿ ಬೆಳೆಯುತ್ತದೆ. ಅದಕ್ಕೆ ಮೊದಲು ಶಿಕ್ಷಕರಿಗೆ ವಿಷಯ ಸ್ಪಷ್ಟವಾಗಿರಬೇಕು.

ಕಪ್ಪು ಹಲಗೆಯ ಮೇಲೆ ಒಂದು ಲೆಕ್ಕದಿಂದ ಆರಂಭಿಸಬಹುದು. ಪಿಸ್ಟನ್ ಚಲಿಸುವ ಗಾತ್ರ 500 ಘನ ಸೆಂ.ಮೀ., ಸಂಪೀಡನ ಅನುಪಾತ 18:1 ಇರುವ ಒಂದು ಡೀಸೆಲ್ ಸಿಲಿಂಡರ್. ಪಿಸ್ಟನ್ ತುತ್ತತುದಿಗೆ ಬಂದಾಗ ಮೇಲೆ ಉಳಿಯುವ ಜಾಗವೆಷ್ಟು? ಇಲ್ಲಿ ಹಲವರು 500ನ್ನು 18ರಿಂದ ಭಾಗಿಸಿಬಿಡುತ್ತಾರೆ. ಅನುಪಾತ ಒಟ್ಟು ಗಾತ್ರಕ್ಕೆ ಸಂಬಂಧಿಸಿದ್ದರಿಂದ 17ರಿಂದ ಭಾಗಿಸಬೇಕು. ಉತ್ತರ ಸುಮಾರು 29 ಘನ ಸೆಂ.ಮೀ., ಅಂದರೆ ಎರಡು ದೊಡ್ಡ ಚಮಚ. ಅದಕ್ಕಿಂತ ಹೆಚ್ಚು ನೀರು ಸೇರಿ ಕವಾಟಗಳು ಮುಚ್ಚಿದ್ದರೆ ಪಿಸ್ಟನ್ ಮೇಲೇರಲಾರದು. ಎಂಜಿನ್ ‘ಟಕ್’ ಎಂದು ನಿಲ್ಲುತ್ತದೆ. ಹಾಗಿದ್ದೂ ಬಲವಂತವಾಗಿ ತಿರುಗಿಸಿದರೆ ಬಾಗುವುದು ಕನೆಕ್ಟಿಂಗ್ ರಾಡ್.

ನೀರು ಒಳಬರುವ ದಾರಿಗಳು ಬೋಟಿನ ತಂಪು ವ್ಯವಸ್ಥೆಯನ್ನು ಅವಲಂಬಿಸಿವೆ. ಅನೇಕ ಒಳ ಎಂಜಿನ್‌ಗಳಲ್ಲಿ ಪಂಪೊಂದು ಸಮುದ್ರದ ನೀರನ್ನು ಎಳೆದು ಉಷ್ಣ ವಿನಿಮಯಕದ ಮೂಲಕ ಹಾಯಿಸಿ, ಕೊನೆಗೆ ನಿಷ್ಕಾಸ ಕೊಳವೆಗೆ ಬಿಡುತ್ತದೆ. ಬಿಸಿ ಹೊಗೆ ಆ ನೀರಿನಿಂದ ತಣ್ಣಗಾಗಿ, ಅದನ್ನೂ ತಳ್ಳಿಕೊಂಡು ಹೊರಹೋಗುತ್ತದೆ. ತಳ್ಳುವುದು ಹೊಗೆಯ ಕೆಲಸ ಎಂಬುದನ್ನು ಮಕ್ಕಳು ಗಮನಿಸಬೇಕು. ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಎಂಜಿನ್ ಹತ್ತಿಕೊಳ್ಳದಿದ್ದಾಗ ಸ್ಟಾರ್ಟರ್ ತಿರುಗಿಸಿದಷ್ಟೂ ಪಂಪು ನೀರೆಳೆಯುತ್ತದೆ, ತಳ್ಳಲು ಹೊಗೆಯಿಲ್ಲ. ಸೈಲೆನ್ಸರ್ ತುಂಬುತ್ತದೆ, ನೀರು ಹಿಂದಕ್ಕೇರಿ ತೆರೆದಿರುವ ನಿಷ್ಕಾಸ ಕವಾಟದಿಂದ ಸಿಲಿಂಡರಿಗೆ ಇಳಿಯುತ್ತದೆ. ಎಂಜಿನ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಇನ್ನೊಂದು ಅಪಾಯ: ಸೈಫನ್ ತಡೆಯುವ ಕವಾಟ ಉಪ್ಪು ಕಟ್ಟಿ ಮುಚ್ಚಿಹೋಗಿದ್ದರೆ, ಎಂಜಿನ್ ನಿಲ್ಲಿಸಿದ ಮೇಲೂ ನೀರು ತಾನಾಗಿ ಹರಿದು ಬರುತ್ತದೆ. ಇವಲ್ಲದೆ ಹೆಡ್ ಗ್ಯಾಸ್ಕೆಟ್ ಸೋರಿಕೆ, ಹೆಡ್‌ನಲ್ಲಿ ಬಿರುಕು, ಒಳಗಿನಿಂದ ತುಕ್ಕು ತಿಂದ ನಿಷ್ಕಾಸದ ಮೊಣಕೈ ಇವೂ ಇವೆ.

ಇನ್ನು ತರಗತಿಯ ವಿಧಾನ. ಶಿಕ್ಷಕರೇ ಬೋಟ್ ಆಗಬೇಕು. ಪ್ರಕರಣ ಹೀಗಿರಲಿ: ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದಿದೆ. ಆಗಸ್ಟಿನಲ್ಲಿ ಎಂಜಿನ್ ಚಾಲೂ ಮಾಡಲು ಹೋದಾಗ ಮೊದಲು ಬಹಳ ಹೊತ್ತು ತಿರುಗಿತು, ಹತ್ತಲಿಲ್ಲ. ಆಮೇಲೆ ‘ಟಕ್’ ಎಂದು ನಿಂತಿತು. ಮಕ್ಕಳು ಒಂದೊಂದೇ ಪರೀಕ್ಷೆ ಕೇಳಬೇಕು, ಶಿಕ್ಷಕರು ಕೇಳಿದ್ದಕ್ಕೆ ಮಾತ್ರ ಉತ್ತರಿಸಬೇಕು. ನಾನು ವೀಕ್ಷಿಸಿದ ಪಾಠವೊಂದರಲ್ಲಿ ಮೊದಲು ಬಂದ ಮಾತು, ‘ಇನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡುವ ಸರ್.’ ಪ್ರಶಿಕ್ಷಣಾರ್ಥಿ ನಗದೆ, ‘ರಾಡ್ ಬಾಗಿತು, ಆಟ ಮುಗಿಯಿತು’ ಎಂದರು. ತರಗತಿ ಸ್ತಬ್ಧವಾಯಿತು. ಎರಡನೆಯ ಸುತ್ತಿನಲ್ಲಿ ಯಾರೂ ಅವಸರ ಮಾಡಲಿಲ್ಲ.

ಎಂಜಿನ್ ಇದ್ದಕ್ಕಿದ್ದಂತೆ ನಿಲ್ಲುವುದು ಬ್ಯಾಟರಿ ಸೋತಿರುವುದರಿಂದಲೂ ಇರಬಹುದು, ಸ್ಟಾರ್ಟರ್ ಕಚ್ಚಿಕೊಂಡಿರುವುದರಿಂದಲೂ ಇರಬಹುದು. ಆದ್ದರಿಂದ ಮೊದಲು ಸಮುದ್ರದ ನೀರಿನ ಕವಾಟ ಮುಚ್ಚಿ, ಇಂಜೆಕ್ಟರುಗಳನ್ನು ಕಳಚಿ, ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಕೈಯಲ್ಲೇ ನಿಧಾನ ತಿರುಗಿಸುವುದು. ರಂಧ್ರಗಳಿಂದ ನೀರು ಚಿಮ್ಮಿದರೆ ನೀರಿರುವುದು ಖಚಿತ. ಅಲ್ಲಿಗೆ ‘ಏನು’ ಎಂಬುದು ತಿಳಿಯಿತು, ‘ಎಲ್ಲಿಂದ’ ಎಂಬುದು ತಿಳಿಯಲಿಲ್ಲ. ಬಹುತೇಕ ಪಾಠಗಳು ಎಡವುವುದು ಇಲ್ಲೇ. ಮಕ್ಕಳು ‘ಗ್ಯಾಸ್ಕೆಟ್’ ಎಂದು ಕೂಗುತ್ತಾರೆ, ಶಿಕ್ಷಕರೂ ‘ಸರಿ’ ಎಂದುಬಿಡುತ್ತಾರೆ.

ಹೊರಬಂದ ನೀರೇ ಮುಖ್ಯ ಸಾಕ್ಷಿ. ಅದು ಉಪ್ಪೇ? ನಾಲಿಗೆಗೆ ಹಚ್ಚಿ ನೋಡುವುದನ್ನು ಖಂಡಿತ ಬಿಡಿಸಬೇಕು. ತಂಪುದ್ರವದಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಪ್ರಯೋಗಾಲಯದಲ್ಲಿ ಸೋಸಿದ ಮಾದರಿಗೆ ಸಾರರಿಕ್ತ ನೈಟ್ರಿಕ್ ಆಮ್ಲದ ಕೆಲವು ಹನಿ, ಬಳಿಕ ಸಿಲ್ವರ್ ನೈಟ್ರೇಟ್ ಹಾಕಿದರೆ ಸಮುದ್ರದ ನೀರು ದಟ್ಟ ಬಿಳಿ ಪ್ರಕ್ಷೇಪ ಕೊಡುತ್ತದೆ. ಬಾವಿ ನೀರೂ ಸ್ವಲ್ಪ ಮಸುಕಾಗಬಹುದು, ಹಾಗಾಗಿ ಪಕ್ಕದಲ್ಲಿ ಹೋಲಿಕೆಯ ಮಾದರಿ ಇರಲೇಬೇಕು. ಉಷ್ಣ ವಿನಿಮಯಕವಿರುವ ಎಂಜಿನಿನಲ್ಲಿ ಎಂಜಿನ್ ಸುತ್ತ ಹರಿಯುವುದು ಸಿಹಿನೀರಿನ ತಂಪುದ್ರವ. ಆದ್ದರಿಂದ ಉಪ್ಪು ಕಂಡರೆ ನಿಷ್ಕಾಸದ ದಾರಿಯ ಮೇಲೆ ಅನುಮಾನ, ಬಣ್ಣದ ಸಿಹಿನೀರು ಕಂಡರೆ ಗ್ಯಾಸ್ಕೆಟ್ ಅಥವಾ ಬಿರುಕಿನ ಮೇಲೆ. ಎಂಜಿನ್ನನ್ನೇ ನೇರವಾಗಿ ಸಮುದ್ರದ ನೀರು ತಂಪಾಗಿಸುವ ಬೋಟಿನಲ್ಲಿ ಮಾತ್ರ ಈ ಪರೀಕ್ಷೆ ಉಪಯೋಗಕ್ಕಿಲ್ಲ, ಎರಡೂ ದಾರಿಯಲ್ಲಿ ಬರುವುದು ಉಪ್ಪುನೀರೇ. ಒಂದು ಪರೀಕ್ಷೆ ಯಾವಾಗ ಏನನ್ನೂ ಹೇಳುವುದಿಲ್ಲ ಎಂಬುದನ್ನು ಮಕ್ಕಳಿಂದಲೇ ಹೇಳಿಸಿದರೆ ಪಾಠ ಗೆದ್ದಂತೆ.

ಉಳಿದ ಸಾಕ್ಷಿಗಳು ಪೂರಕ. ತಂಪುದ್ರವದ ತೊಟ್ಟಿಯ ಮಟ್ಟ ಇಳಿದಿದೆಯೇ? ತೊಟ್ಟಿಗೆ ಕೈಪಂಪಿನಿಂದ ಒತ್ತಡ ಕೊಟ್ಟರೆ ಅದು ನಿಲ್ಲುತ್ತದೆಯೇ? ಡಿಪ್‌ಸ್ಟಿಕ್ಕಿನ ಎಣ್ಣೆ ಹಾಲು ಹೆಚ್ಚಾದ ಚಹಾದಂತಿದ್ದರೆ ನೀರು ಕೆಳಗೂ ಇಳಿದಿದೆ ಎಂದರ್ಥ, ಆದರೆ ಯಾವ ದಾರಿಯಿಂದ ಬಂತೆಂದು ಅದು ಹೇಳದು. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ನೀರಿದ್ದರೆ ನಡುವಿನ ಗ್ಯಾಸ್ಕೆಟ್ ನೆನಪಾಗುವುದು ಸಹಜ. ಆದರೂ ಎಂಜಿನ್ ಹಲವು ಬಾರಿ ತಿರುಗಿದ ಮೇಲೆ ಈ ಸುಳಿವನ್ನು ಹೆಚ್ಚು ನಂಬಬಾರದು, ಏಕೆಂದರೆ ಪ್ರತಿ ಸಿಲಿಂಡರಿನ ನಿಷ್ಕಾಸ ಕವಾಟವೂ ಒಮ್ಮೆಯಾದರೂ ತೆರೆದಿರುತ್ತದೆ.

ನಮ್ಮ ಪ್ರಕರಣದಲ್ಲಿ ನೀರು ಉಪ್ಪು, ಮಸಿಗಪ್ಪು; ತಂಪುದ್ರವದ ಮಟ್ಟ ಸರಿಯಿದೆ, ಒತ್ತಡವೂ ನಿಂತಿದೆ. ಹಾಗಾದರೆ ನಿಷ್ಕಾಸದ ದಾರಿ. ಇಷ್ಟಕ್ಕೆ ತರಗತಿ ಚಪ್ಪಾಳೆ ತಟ್ಟಿತು, ಆದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಮೊದಲು ಅದು ಯಾಕೆ ಹತ್ತಲಿಲ್ಲ?’ ಎಂದು ಕೇಳಿದಳು. ಪಾಠ ಯೋಜನೆಯಲ್ಲಿ ಆ ಪ್ರಶ್ನೆ ಇರಲಿಲ್ಲ, ಇರಬೇಕಿತ್ತು. ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿತ್ತೋ, ಫಿಲ್ಟರ್ ಕಟ್ಟಿತ್ತೋ, ಮೂಲ ದೋಷ ಅದು. ನೀರು ಬಂದದ್ದು ಅದರ ಮೇಲೆ ಮಾಡಿದ ಹಟದಿಂದ. ನೀರು ತೆಗೆದು, ಸಿಲಿಂಡರಿಗೆ ಎಣ್ಣೆ ಹಾಕಿ ತಿರುಗಿಸಿ, ಎಂಜಿನ್ ಎಣ್ಣೆ ಬದಲಿಸಿದರೂ, ಆ ಫಿಲ್ಟರನ್ನು ಮುಟ್ಟದಿದ್ದರೆ ಮತ್ತೆ ಹತ್ತದು, ಮತ್ತೆ ತಿರುಗಿಸುತ್ತಾರೆ, ಮತ್ತೆ ತುಂಬುತ್ತದೆ. ದುರಸ್ತಿಯ ಬಳಿಕ ಎಂಜಿನ್ ಹತ್ತಿಕೊಳ್ಳುವವರೆಗೆ ಸಮುದ್ರದ ಕವಾಟ ಮುಚ್ಚಿಟ್ಟು, ಹತ್ತಿದ ತಕ್ಷಣ ತೆರೆಯುವ ರೂಢಿ ಇದಕ್ಕಾಗಿಯೇ.

ಮನೆಗೆಲಸಕ್ಕೆ ಕೊಡಬಹುದಾದ ಪ್ರಕರಣ: ನಿಷ್ಕಾಸಕ್ಕೆ ನೀರು ಬಿಡದ, ಹೊಗೆಕೊಳವೆ ನೇರ ಮೇಲಕ್ಕೆ ನಿಂತಿರುವ ಬೋಟ್. ಮಳೆಗಾಲವಿಡೀ ಕೊಳವೆಯ ಬಾಯಿ ಮುಚ್ಚಿರಲಿಲ್ಲ. ಒಂದೇ ಸಿಲಿಂಡರಿನಲ್ಲಿ ನೀರಿದೆ, ಸಿಲ್ವರ್ ನೈಟ್ರೇಟಿಗೆ ಹೆಚ್ಚೇನೂ ಆಗಲಿಲ್ಲ, ತಂಪುದ್ರವದ ಮಟ್ಟ ಇಳಿದಿಲ್ಲ. ನೀರು ಎಲ್ಲಿಂದ ಬಂತು, ಒಂದೇ ಸಿಲಿಂಡರಿಗೆ ಏಕೆ?