ಬೇಸಿಗೆಯಲ್ಲಿ ಲಾರಿ ಕ್ಯಾಬಿನ್ನಿನ ಹವಾನಿಯಂತ್ರಣ ವ್ಯವಸ್ಥೆಯ ನಿರ್ವಹಣೆ: ವಾಹನ ಮಾಲೀಕರು ಹಾಗೂ ಚಾಲಕರಿಗೆ ಮಾಹಿತಿ

ಪೀಠಿಕೆ

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಬೆಳೆಯುವ ಕಬ್ಬು, ಭತ್ತ, ತೆಂಗು ಮುಂತಾದವು ಲಾರಿಗಳ ಮೂಲಕವೇ ಕಾರ್ಖಾನೆ ಮತ್ತು ಮಾರುಕಟ್ಟೆಗಳನ್ನು ಸೇರುತ್ತವೆ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಹೊರಡುವ ಲಾರಿಗಳು ಉತ್ತರ ಭಾರತದ ನಗರಗಳವರೆಗೂ ತೆರಳುತ್ತವೆ. ಎಳನೀರಿಗೆ ಬೇಡಿಕೆ ಹೆಚ್ಚುವುದು ಬೇಸಿಗೆಯಲ್ಲಿ. ಆದುದರಿಂದ ಬಿಸಿಲು ತೀವ್ರವಾಗುವ ಕಾಲದಲ್ಲಿಯೇ ಚಾಲಕರ ದುಡಿಮೆಯೂ ತೀವ್ರವಾಗುತ್ತದೆ. ಲಾರಿಯ ಕ್ಯಾಬಿನ್ ಸಾಮಾನ್ಯವಾಗಿ ಎಂಜಿನ್ನಿನ ಮೇಲೆಯೇ ಇರುವುದರಿಂದ ಮೇಲಿನಿಂದ ಬಿಸಿಲು, ಕೆಳಗಿನಿಂದ ಎಂಜಿನ್ನಿನ ಕಾವು ಎರಡನ್ನೂ ಚಾಲಕರು ಸಹಿಸಬೇಕಾಗುತ್ತದೆ. ಬಳಲಿದ ಚಾಲಕರಿಗೆ ಗಮನ ಕುಂದುತ್ತದೆ, ತೂಕಡಿಕೆ ಬರುತ್ತದೆ. ಇದರ ಪರಿಣಾಮವು ಚಾಲಕರಿಗೆ ಮಾತ್ರವಲ್ಲದೆ ರಸ್ತೆಯನ್ನು ಬಳಸುವ ಎಲ್ಲರಿಗೂ ತಟ್ಟುತ್ತದೆ. ಈ ಕಾರಣದಿಂದ ಕ್ಯಾಬಿನ್ನಿನ ಎ.ಸಿ.ಯನ್ನು ಸುಖಸಾಧನವೆಂದು ಭಾವಿಸದೆ, ಬ್ರೇಕು ಮತ್ತು ದೀಪಗಳಂತೆಯೇ ಸುರಕ್ಷತೆಯ ಸಾಧನವೆಂದು ಪರಿಗಣಿಸುವುದು ಅವಶ್ಯವಾಗಿದೆ.

ನಿಯಮದಲ್ಲಿ ಏನಿದೆ?

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿಗಳ ಸಚಿವಾಲಯವು 2023ರ ಡಿಸೆಂಬರ್ ತಿಂಗಳಲ್ಲಿ ಹೊರಡಿಸಿದ ಅಧಿಸೂಚನೆಯಂತೆ, 1-10-2025 ಅಥವಾ ಅನಂತರ ತಯಾರಾದ ಎನ್-2 ಮತ್ತು ಎನ್-3 ವರ್ಗದ ಸರಕು ವಾಹನಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ವ್ಯವಸ್ಥೆಯನ್ನು ಅಳವಡಿಸುವುದು ಕಡ್ಡಾಯವಾಗಿದೆ. ಒಟ್ಟು ತೂಕ 3.5 ಟನ್ನಿಗಿಂತ ಹೆಚ್ಚಾಗಿದ್ದು 12 ಟನ್ ಮೀರದ ವಾಹನಗಳು ಎನ್-2 ವರ್ಗಕ್ಕೂ, 12 ಟನ್ ಮೀರಿದ ವಾಹನಗಳು ಎನ್-3 ವರ್ಗಕ್ಕೂ ಸೇರುತ್ತವೆ.

ಸದರಿ ದಿನಾಂಕಕ್ಕೆ ಮುಂಚೆ ತಯಾರಾದ ಲಾರಿಗಳಿಗೆ ಈ ನಿಯಮವು ಅನ್ವಯಿಸುವುದಿಲ್ಲ. ಆದುದರಿಂದ ಎ.ಸಿ. ಇಲ್ಲದ ಹಳೆಯ ಲಾರಿಗೆ ಎಫ್.ಸಿ. ಸಿಗುವುದಿಲ್ಲವೆಂದು ಯಾರಾದರೂ ಹೇಳಿದಲ್ಲಿ ಅದನ್ನು ನಂಬಿ ಹಣ ಕಳೆದುಕೊಳ್ಳಬಾರದು. ಹಳೆಯ ಲಾರಿಗೆ ಸ್ವಇಚ್ಛೆಯಿಂದ ಎ.ಸಿ. ಅಳವಡಿಸಿಕೊಳ್ಳಲು ಬಯಸುವವರು ಮೊದಲು ವಾಹನ ತಯಾರಕರ ಅಧಿಕೃತ ಕೇಂದ್ರದಲ್ಲಿಯೂ ನೋಂದಣಿ ಪ್ರಾಧಿಕಾರದಲ್ಲಿಯೂ ವಿಚಾರಿಸಿಕೊಳ್ಳುವುದು ಸೂಕ್ತ. ವಾಹನದಲ್ಲಿ ಮಾಡುವ ಮಾರ್ಪಾಡುಗಳಿಗೆ ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರಲ್ಲಿ ನಿರ್ಬಂಧಗಳಿವೆ. ಅಲ್ಲದೆ ಫ್ಯೂಸ್ ಇಲ್ಲದೆ ಎಳೆದ ವೈರುಗಳಿಂದ ಬೆಂಕಿ ಅನಾಹುತ ಸಂಭವಿಸಬಹುದು.

ಎ.ಸಿ. ಕೆಲಸ ಮಾಡುವ ಬಗೆ

ಎ.ಸಿ. ಹೊಸದಾಗಿ ತಂಪನ್ನು ಉತ್ಪಾದಿಸುವುದಿಲ್ಲ. ಕ್ಯಾಬಿನ್ನಿನ ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ. ಒತ್ತಡಕ್ಕೆ ಸಿಲುಕಿ ಬಿಸಿಯಾದ ಗ್ಯಾಸ್ ಲಾರಿಯ ಮುಂಭಾಗದಲ್ಲಿ ಸಾಮಾನ್ಯವಾಗಿ ರೇಡಿಯೇಟರಿನ ಎದುರಿಗಿರುವ ಕಂಡೆನ್ಸರಿನಲ್ಲಿ ಹರಿದು, ತನ್ನ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಆ ದ್ರವವು ಸಣ್ಣ ಕವಾಟದ ಮೂಲಕ ಒತ್ತಡ ಕಳೆದುಕೊಂಡು ಕ್ಯಾಬಿನ್ನಿನ ಕೂಲಿಂಗ್ ಕಾಯಿಲನ್ನು ಸೇರಿ, ಅಲ್ಲಿ ಆವಿಯಾಗುತ್ತಾ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಬ್ಲೋವರ್ ಆ ಕಾಯಿಲಿನ ಮೇಲೆ ಗಾಳಿಯನ್ನು ಹಾಯಿಸುತ್ತದೆ.

ಹೊರಗಿನ ಗಾಳಿಗಿಂತ ಕಂಡೆನ್ಸರ್ ಹೆಚ್ಚು ಬಿಸಿಯಾಗಿದ್ದರೆ ಮಾತ್ರ ಶಾಖವು ಹೊರಹೋಗುತ್ತದೆ. ಹೊರಗೆ 40 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವಿರುವಾಗ ಈ ಕೆಲಸವು ಮೊದಲೇ ಕಠಿಣ. ಅದರ ಮೇಲೆ ಕಂಡೆನ್ಸರಿಗೆ ಧೂಳು ಮೆತ್ತಿಕೊಂಡಿದ್ದಲ್ಲಿ ಒತ್ತಡವು ಮಿತಿಮೀರಿ, ರಕ್ಷಣಾ ಸ್ವಿಚ್ಚು ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ. ತಂಪು ಅತ್ಯಗತ್ಯವಾದ ನಡುಮಧ್ಯಾಹ್ನದಲ್ಲಿಯೇ ಎ.ಸಿ. ಕೈಕೊಡುವುದಕ್ಕೆ ಇದು ಒಂದು ಮುಖ್ಯ ಕಾರಣ.

ಸುಗ್ಗಿಯ ಹೊಟ್ಟು, ಬೇಸಿಗೆಯ ತೊಂದರೆ

ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಈ ಭಾಗದ ರಸ್ತೆಗಳಲ್ಲಿ ರಾಗಿ, ಹುರುಳಿ ಮುಂತಾದ ಬೆಳೆಗಳನ್ನು ಹರಡಿ, ಹಾದುಹೋಗುವ ವಾಹನಗಳಿಂದ ಒಕ್ಕಣೆ ಮಾಡುವ ರೂಢಿ ಇನ್ನೂ ಉಳಿದಿದೆ. ಇದರಿಂದ ದ್ವಿಚಕ್ರ ವಾಹನಗಳು ಜಾರಿ ಬೀಳುವುದಲ್ಲದೆ, ಹುರುಳಿ ಸೊಪ್ಪು ವಾಹನದ ತಳಭಾಗಕ್ಕೆ ಸುತ್ತಿಕೊಂಡು, ಬಿಸಿಯಾದ ಭಾಗಗಳಿಗೆ ತಗುಲಿ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಹಾರಿದ ಹೊಟ್ಟು ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವೆ ಸಿಕ್ಕಿಕೊಳ್ಳುತ್ತದೆ. ಕಬ್ಬಿನ ಗದ್ದೆಗಳ ಬಳಿಯ ತರಗು, ಮಣ್ಣುರಸ್ತೆಯ ಧೂಳು ಇದರೊಡನೆ ಸೇರುತ್ತವೆ. ಚಳಿಗಾಲದಲ್ಲಿ ಎ.ಸಿ. ಬಳಕೆ ಕಡಿಮೆಯಾದ್ದರಿಂದ ಈ ದೋಷವು ಗೋಚರಿಸುವುದಿಲ್ಲ. ಮಾರ್ಚ್ ಬಂದ ಮೇಲೆ ಗೋಚರಿಸುತ್ತದೆ. ಆದಕಾರಣ ಸುಗ್ಗಿ ಮುಗಿದ ಕೂಡಲೇ, ಬಿಸಿಲು ಏರುವ ಮುನ್ನವೇ ಒಮ್ಮೆ ಪೂರ್ಣ ಶುಚಿಗೊಳಿಸುವುದು ಒಳ್ಳೆಯದು. ರೈತಬಾಂಧವರು ರಸ್ತೆಯ ಬದಲು ಕಣಗಳಲ್ಲಿಯೇ ಒಕ್ಕಣೆ ಮಾಡಬೇಕೆಂದು ಕೋರಲಾಗಿದೆ.

ಅನುಸರಿಸಬೇಕಾದ ಕ್ರಮಗಳು

1. ಎಂಜಿನ್ ಆರಿಸಿ, ತಣಿದ ನಂತರ ಕಂಡೆನ್ಸರನ್ನು ಸಾಧಾರಣ ಒತ್ತಡದ ನೀರಿನಿಂದ ತೊಳೆಯಬೇಕು. ಸಾಧ್ಯವಿದ್ದಲ್ಲಿ ಹಿಂಬದಿಯಿಂದ ಮುಂದಕ್ಕೆ ನೀರು ಹಾಯಿಸಿದರೆ ಒಳಗೆ ಸಿಕ್ಕಿಕೊಂಡ ಹೊಟ್ಟು ಹೊರಬರುತ್ತದೆ. ಅತಿ ಒತ್ತಡದ ನೀರಿನಿಂದ ತೆಳುವಾದ ತಗಡುಗಳು ಬಾಗಿ ಗಾಳಿಯ ದಾರಿ ಮುಚ್ಚುತ್ತದೆ. ಕೆರೆ, ನಾಲೆಗಳಲ್ಲಿ ವಾಹನ ತೊಳೆಯಬಾರದು.

2. ಕ್ಯಾಬಿನ್ನಿನ ಗಾಳಿ ಫಿಲ್ಟರನ್ನು ನಿಯತವಾಗಿ ತೆಗೆದು ಶುಚಿಗೊಳಿಸಬೇಕು, ಹಾಳಾಗಿದ್ದಲ್ಲಿ ಬದಲಾಯಿಸಬೇಕು. ಗಾಳಿ ತಣ್ಣಗಿದ್ದರೂ ರಭಸ ಕಡಿಮೆಯಿದ್ದರೆ ದೋಷವು ಹೆಚ್ಚಾಗಿ ಇಲ್ಲಿರುತ್ತದೆ.

3. ಬೆಲ್ಟಿನ ಬಿಗಿತ, ಸೀಳು ಮತ್ತು ಕಂಡೆನ್ಸರ್ ಫ್ಯಾನಿನ ಚಲನೆಯನ್ನು ಪರೀಕ್ಷಿಸಬೇಕು. ಓಡುವಾಗ ತಂಪಿದ್ದು, ಟೋಲ್ ಗೇಟು ಅಥವಾ ಕಾರ್ಖಾನೆಯ ಸರದಿಯಲ್ಲಿ ನಿಂತಾಗ ತಂಪು ಇಳಿದರೆ ಫ್ಯಾನಿನ ಕಡೆಗೆ ಗಮನ ಹರಿಸಬೇಕು.

4. ಬಾಗಿಲಿನ ರಬ್ಬರ್ ಪಟ್ಟಿ, ಕ್ಯಾಬಿನ್ನಿನ ನೆಲದಲ್ಲಿ ಲಿವರ್ ಮತ್ತು ವೈರುಗಳು ಹಾಯುವ ರಂಧ್ರಗಳ ಮುಚ್ಚಳಗಳು ಸುಸ್ಥಿತಿಯಲ್ಲಿರಬೇಕು. ಇವು ಹರಿದಿದ್ದರೆ ಎಂಜಿನ್ನಿನ ಕಾವು ನೇರವಾಗಿ ಒಳಬರುತ್ತದೆ.

5. ಬಿಸಿಲಲ್ಲಿ ನಿಂತಿದ್ದ ಲಾರಿಯನ್ನು ಹತ್ತಿದ ಕೂಡಲೇ ಕಿಟಕಿಗಳನ್ನು ತೆರೆದು ಒಂದೆರಡು ನಿಮಿಷ ಬಿಸಿಗಾಳಿಯನ್ನು ಹೊರಬಿಡಬೇಕು. ಆಮೇಲೆ ಕಿಟಕಿ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವಂತೆ ಎ.ಸಿ.ಯನ್ನು ಇಡಬೇಕು. ದೀರ್ಘ ಪ್ರಯಾಣದಲ್ಲಿ ಆಗಾಗ್ಗೆ ಹೊರಗಾಳಿಯನ್ನು ಒಳಬಿಡದಿದ್ದರೆ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ತೂಕಡಿಕೆ ಬರುತ್ತದೆ.

6. ಚಳಿಗಾಲ, ಮಳೆಗಾಲಗಳಲ್ಲಿಯೂ ವಾರಕ್ಕೊಮ್ಮೆ ಕೆಲವು ನಿಮಿಷ ಎ.ಸಿ. ಚಲಾಯಿಸಬೇಕು. ಇದರಿಂದ ಎಣ್ಣೆ ಹರಿದು ಸೀಲುಗಳು ಒಣಗುವುದಿಲ್ಲ.

7. ತಂಪಿಗಾಗಿ ಗಾಜುಗಳಿಗೆ ಕಪ್ಪು ಪದರ ಅಂಟಿಸಬಾರದು. ಮಾನ್ಯ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಇದನ್ನು ನಿಷೇಧಿಸಿದೆ. ನಿಯಮದಂತೆ ಮುಂಭಾಗದ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ. 50ರಷ್ಟು ಬೆಳಕು ಹಾಯುವಂತಿರಬೇಕು.

ಗ್ಯಾಸ್ ತುಂಬಿಸುವ ಮುನ್ನ

ತಂಪು ಕಡಿಮೆಯಾದ ಕೂಡಲೇ ಗ್ಯಾಸ್ ತುಂಬಿಸುವುದು ಸಾಮಾನ್ಯ ಅಭ್ಯಾಸವಾಗಿದೆ. ಗ್ಯಾಸ್ ಡೀಸೆಲ್‌ನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಪ್ರತಿ ಬೇಸಿಗೆಯಲ್ಲಿಯೂ ತುಂಬಿಸಬೇಕಾಗಿ ಬಂದರೆ ಎಲ್ಲಿಯೋ ಸೋರಿಕೆ ಇದೆ ಎಂದು ತಿಳಿಯತಕ್ಕದ್ದು. ಗ್ಯಾಸಿನೊಡನೆ ಕಂಪ್ರೆಸರಿನ ಎಣ್ಣೆಯೂ ಹೊರಬರುವುದರಿಂದ, ಪೈಪಿನ ಜೋಡಣೆಗಳಲ್ಲಿ ಎಣ್ಣೆ ಜಿಡ್ಡು ಮತ್ತು ಅದಕ್ಕೆ ಅಂಟಿದ ಧೂಳು ಕಂಡುಬಂದರೆ ಅದು ಸೋರಿಕೆಯ ಗುರುತು. ಲಾರಿಯ ಕೆಳಗೆ ತೊಟ್ಟಿಕ್ಕುವ ತಿಳಿನೀರು ದೋಷವಲ್ಲ. ಅದು ಗಾಳಿಯ ತೇವಾಂಶ.

ಖರ್ಚಿನ ದೃಷ್ಟಿಯಿಂದ ನೋಡಿದರೂ ಸೋರಿಕೆ ಮುಚ್ಚುವುದು ಒಂದು ಸಲದ ವೆಚ್ಚ. ಮುಚ್ಚದೆ ತುಂಬಿಸುವುದು ವರ್ಷವರ್ಷದ ವೆಚ್ಚ. ಎಣ್ಣೆ ಬತ್ತಿ ಕಂಪ್ರೆಸರೇ ಕಚ್ಚಿಕೊಂಡಲ್ಲಿ ಹೊರೆ ಇನ್ನೂ ಹೆಚ್ಚು. ತಯಾರಕರು ಸೂಚಿಸಿದ ಬಗೆಯ ಗ್ಯಾಸನ್ನು, ಸೂಚಿಸಿದ ತೂಕದಷ್ಟೇ ತುಂಬಿಸಬೇಕು. ಹೆಚ್ಚು ತುಂಬಿದರೆ ತಂಪು ಹೆಚ್ಚುವುದಿಲ್ಲ, ಒತ್ತಡ ಹೆಚ್ಚುತ್ತದೆ. ವಾಹನಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಆರ್-134ಎ ಗ್ಯಾಸ್ ಓಜೋನ್ ಪದರಕ್ಕೆ ಹಾನಿ ಮಾಡದಿದ್ದರೂ, ವಾತಾವರಣ ಸೇರಿದರೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಭೂಮಿಯ ತಾಪವನ್ನು ಹೆಚ್ಚಿಸುತ್ತದೆ. ದ್ರವರೂಪದ ಗ್ಯಾಸ್ ಚರ್ಮ ಅಥವಾ ಕಣ್ಣಿಗೆ ತಗುಲಿದರೆ ತೀವ್ರ ಗಾಯವಾಗುವುದರಿಂದ, ಈ ಕೆಲಸವನ್ನು ತರಬೇತಿ ಪಡೆದ ಮೆಕ್ಯಾನಿಕ್‌ಗಳಿಂದಲೇ ಮಾಡಿಸತಕ್ಕದ್ದು.

ನಿಂತ ಲಾರಿಯಲ್ಲಿ ಎಚ್ಚರಿಕೆ

ಎಂಜಿನ್ ಚಾಲನೆಯಲ್ಲಿಟ್ಟು, ಎ.ಸಿ. ಹಾಕಿ, ಗಾಜು ಮುಚ್ಚಿಕೊಂಡು ಮಲಗುವುದು ಪ್ರಾಣಾಪಾಯಕಾರಿ. ಹೊಗೆ ಕೊಳವೆಯಲ್ಲಿ ಬಿರುಕಿದ್ದರೆ ಅಥವಾ ಗಾಳಿಯಾಡದ ಜಾಗದಲ್ಲಿ ಲಾರಿ ನಿಂತಿದ್ದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಇಂಗಾಲದ ಮಾನಾಕ್ಸೈಡ್ ಅನಿಲವು ಕ್ಯಾಬಿನ್ ಸೇರಬಹುದು. ಮಲಗಿದವರಿಗೆ ಅದರ ಅರಿವೇ ಆಗುವುದಿಲ್ಲ. ಮರದ ನೆರಳಿನಲ್ಲಿ ಎಂಜಿನ್ ಆರಿಸಿ, ಕಿಟಕಿ ತೆರೆದು ವಿಶ್ರಮಿಸುವುದು ಕ್ಷೇಮ.

ಎ.ಸಿ. ಕೆಟ್ಟಲ್ಲಿ ದಾರಿಯಲ್ಲಿ ನೀರು, ಮಜ್ಜಿಗೆ ಸೇವಿಸುತ್ತಾ, ನಡುಮಧ್ಯಾಹ್ನ ವಾಹನ ನಿಲ್ಲಿಸಿ, ಇಳಿಹೊತ್ತಿನಲ್ಲಿ ಪ್ರಯಾಣ ಮುಂದುವರಿಸಬಹುದು. ಸರಕು ತಲುಪಿಸುವ ಅವಸರಕ್ಕಾಗಿ ಮಾಲೀಕರು ಚಾಲಕರ ಮೇಲೆ ಒತ್ತಡ ಹೇರಬಾರದು. ಚಾಲಕರ ದುಡಿಮೆಯ ಅವಧಿಗೆ 1988ರ ಅಧಿನಿಯಮದ ಕಲಂ 91ರಲ್ಲಿ ಮಿತಿ ಇದೆ. ವಿಪರೀತ ತಲೆನೋವು, ಮಾತು ತೊದಲುವುದು, ಗೊಂದಲ, ಮೈ ಬೆಂಕಿಯಂತೆ ಸುಡುವುದು ಇವು ಶಾಖಾಘಾತದ ಲಕ್ಷಣಗಳು. ಅಂಥವರನ್ನು ನೆರಳಿಗೆ ಒಯ್ದು, ಮೈಗೆ ತಣ್ಣೀರು ಸುರಿದು, ಗಾಳಿ ಬೀಸುತ್ತಾ, 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ತಪ್ಪಿದವರಿಗೆ ಬಾಯಿಗೆ ನೀರು ಹಾಕಬಾರದು.

ಅರ್ಹತಾ ಪತ್ರದ ಅರ್ಜಿದಾರರ ಗಮನಕ್ಕೆ

ಸಾರಿಗೆ ವಾಹನಗಳ ಅರ್ಹತಾ ಪತ್ರವು ವಾಹನಕ್ಕೆ 8 ವರ್ಷ ತುಂಬುವವರೆಗೆ 2 ವರ್ಷಗಳಿಗೊಮ್ಮೆಯೂ, ಆ ಬಳಿಕ ಪ್ರತಿ ವರ್ಷವೂ ನವೀಕರಣಗೊಳ್ಳಬೇಕಾಗುತ್ತದೆ. ಇದಕ್ಕಾಗಿ ವಾಹನವನ್ನು ಹೇಗಿದ್ದರೂ ಗ್ಯಾರೇಜಿಗೆ ಒಯ್ಯಬೇಕಾದ್ದರಿಂದ, ಅದೇ ಸಂದರ್ಭದಲ್ಲಿ ಬೆಲ್ಟು, ಫ್ಯಾನು, ಕಂಡೆನ್ಸರ್ ಮತ್ತು ವೈರಿಂಗ್ ತಪಾಸಣೆಯನ್ನೂ ಮಾಡಿಸಿಕೊಂಡರೆ ಪ್ರತ್ಯೇಕವಾಗಿ ಒಂದು ದಿನದ ಬಾಡಿಗೆ ಕಳೆದುಕೊಳ್ಳುವುದು ತಪ್ಪುತ್ತದೆ. ಬೆಳಕವಾಡಿ ಮತ್ತು ಮಳವಳ್ಳಿ ಭಾಗದ ವಾಹನ ಮಾಲೀಕರು ಹೆಚ್ಚಿನ ವಿವರಗಳಿಗೆ ಮಂಡ್ಯದ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ನೇರವಾಗಿ ಸಂಪರ್ಕಿಸಬಹುದು, ಮಧ್ಯವರ್ತಿಗಳ ಅಗತ್ಯವಿರುವುದಿಲ್ಲ. ಮಾಲೀಕರು ಈ ಮಾಹಿತಿಯನ್ನು ತಮ್ಮ ಚಾಲಕರಿಗೂ ಓದಿ ತಿಳಿಸಬೇಕೆಂದು ಕೋರಲಾಗಿದೆ.